ಶ್ರದ್ಧೆಯೂ ಪೂರ್ವಗ್ರಹವೂ

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಸಾಮಾನ್ಯವಾಗಿ ಅದನ್ನು ಹಟಮಾರಿಯ ವಿಷಯದಲ್ಲಿ ಹೇಳುವುದು ವಾಡಿಕೆ. ಹಟಮಾರಿಗೆ ಮೊಲದ ನಾಲ್ಕನೆಯ ಕಾಲು ಕಾಣುತ್ತದೆ. ಆದರೂ ಅವನು ಒಪ್ಪುವುದಿಲ್ಲ. ಅಂಥವನನ್ನು ಗುರುತಿಸುವುದು ಕಷ್ಟವಲ್ಲ. ಅವನಿಗಿಂತಲೂ ವಿಚಾರಕ್ಕೆ ಯೋಗ್ಯನಾದವನು ಇನ್ನೊಬ್ಬನುಂಟು. ಅವನು ಪ್ರಾಮಾಣಿಕನು, ಓದಿದವನು, ಸತ್ಯವನ್ನೇ ಬಯಸತಕ್ಕವನು. ಆದರೂ ಮೊಲವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅವನ ಕಣ್ಣಿಗೆ ಮೂರೇ ಕಾಲು ಕಾಣುತ್ತವೆ. ನಾಲ್ಕನೆಯದು ಇರಲಾರದೆಂದು ಅವನ ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿದೆ. ಹಾಗೆ ತೀರ್ಮಾನಿಸಿದ್ದು ಅವನಿಗೇ ತಿಳಿಯದು. ಈ ಎರಡನೆಯ ಬಗೆಯ ಮನುಷ್ಯನು ಕ್ರೈಸ್ತ ಧರ್ಮದ ಚರಿತ್ರೆಯಲ್ಲಿ ಹೇಗೆ ಹೇಗೆ ಕಾಣಿಸಿಕೊಂಡಿದ್ದಾನೆ ಎಂಬುದನ್ನು ಈ ದಿನ ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ.

ಕ್ರೈಸ್ತ ಧರ್ಮವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಈ ರೋಗ ಆ ಮತದವರಿಗೆ ಮಾತ್ರ ಅಂಟಿದ್ದೆಂಬುದು ನನ್ನ ಅಭಿಪ್ರಾಯವಲ್ಲ; ಅದು ಮನುಷ್ಯಮಾತ್ರರಿಗೆಲ್ಲ ಸಾಧಾರಣವಾದದ್ದು. ಆದರೆ ಆ ಧರ್ಮದ ಕೇಂದ್ರದಲ್ಲಿ ಒಂದು ಗ್ರಂಥವಿದೆ, ಒಬ್ಬ ವ್ಯಕ್ತಿಯಿದ್ದಾನೆ. ಗ್ರಂಥ ಎಲ್ಲರ ಕೈಯಲ್ಲಿಯೂ ಇರುವುದರಿಂದ, ಯಾರು ಅದರಲ್ಲಿ ಏನನ್ನು ಕಂಡರು, ಏನನ್ನು ಕಾಣದೆ ಹೋದರು ಎಂಬುದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು. ಅಲ್ಲದೆ ಆ ಹೋಲಿಕೆಯ ಕೆಲಸವನ್ನು ಆ ಧರ್ಮದ ವಿದ್ವಾಂಸರೇ ಇನ್ನೂರು ವರ್ಷಗಳಿಗೂ ಮಿಕ್ಕು ಮಾಡಿಕೊಂಡು ಬಂದಿದ್ದಾರೆ. ಕ್ರೈಸ್ತ ತತ್ತ್ವಗಳು ಸತ್ಯವೇ ಅಲ್ಲವೇ ಎಂಬ ಪ್ರಶ್ನೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಸತ್ಯವನ್ನು ಅರಸುವ ಕಣ್ಣು ಹೇಗೆ ಓರೆಯಾಗುತ್ತದೆ ಎಂಬುದಷ್ಟೇ ನಮ್ಮ ವಿಷಯ.

ನಮ್ಮ ತೀರ್ಪನ್ನು ಓರೆಮಾಡುವ ಶಕ್ತಿಗಳು ಮುಖ್ಯವಾಗಿ ಎರಡು: ಒಂದು ಒಲವು, ಇನ್ನೊಂದು ನಿರೀಕ್ಷೆ. ಒಲವಿನ ಕೆಲಸವನ್ನು "ಹೆತ್ತವರಿಗೆ ಹೆಗ್ಗಣ ಮುದ್ದು" ಎಂಬ ಮಾತು ಚೆನ್ನಾಗಿ ಹೇಳುತ್ತದೆ. ನಿರೀಕ್ಷೆಯ ಕೆಲಸವನ್ನು ನೋಡಬೇಕಾದರೆ ರೈಲ್ವೆ ಸ್ಟೇಷನ್ನಿಗೆ ಹೋಗಬೇಕು. ಸ್ನೇಹಿತನನ್ನು ಎದುರುಗೊಳ್ಳಲು ಬಂದು ನಿಂತವನಿಗೆ, ಗಾಡಿಯಿಂದ ಇಳಿದು ಬರುವವರಲ್ಲಿ ನಾಲ್ಕಾರು ಮಂದಿಯಾದರೂ ದೂರದಿಂದ ಆ ಸ್ನೇಹಿತನಂತೆಯೇ ಕಾಣುತ್ತಾರೆ. ಹತ್ತಿರ ಬಂದ ಮೇಲೆ ಭ್ರಮೆ ಹರಿಯುತ್ತದೆ. ಲೋಕವ್ಯವಹಾರದಲ್ಲಿ ಇಂಥ ತಪ್ಪುಗಳಿಗೆ ತಿದ್ದುಪಡಿ ಬೇಗ ದೊರೆಯುತ್ತದೆ. ಧರ್ಮದ ವಿಷಯದಲ್ಲಿ ಹಾಗಲ್ಲ. ಅಲ್ಲಿ ವಿಷಯಗಳು ಇಂದ್ರಿಯಗಳಿಗೆ ನೇರವಾಗಿ ಸಿಕ್ಕುವಂಥವಲ್ಲ. ಮನುಷ್ಯನು ತನ್ನ ಬಾಳನ್ನೂ, ತನ್ನ ಹಿರಿಯರ ಮೇಲಣ ಗೌರವವನ್ನೂ, ಮರಣಾನಂತರದ ಆಸೆಯನ್ನೂ ಅವುಗಳ ಮೇಲೆ ಹೂಡಿರುತ್ತಾನೆ. ಹೂಡಿದ ಬಂಡವಾಳ ದೊಡ್ಡದಾದಷ್ಟೂ ಲೆಕ್ಕವನ್ನು ತಿರುಗಿ ನೋಡುವುದಕ್ಕೆ ಮನಸ್ಸು ಹಿಂಜರಿಯುತ್ತದೆ.

ಇದನ್ನು ಬಹಳ ಹಿಂದೆಯೇ ಕಂಡುಕೊಂಡವರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಒಬ್ಬನು. ೧೬೨೦ ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಒಂದು ಹಳೆಯ ಕಥೆಯನ್ನು ನೆನೆಯುತ್ತಾನೆ. ಹಡಗು ಒಡೆದಾಗ ದೇವರಿಗೆ ಹರಕೆ ಹೊತ್ತು ಬದುಕಿ ಉಳಿದವರ ಚಿತ್ರಗಳನ್ನು ಒಂದು ದೇವಾಲಯದಲ್ಲಿ ತೂಗುಹಾಕಿದ್ದರಂತೆ. ಅವುಗಳನ್ನು ತೋರಿಸಿ, ಈಗಲಾದರೂ ದೇವರ ಶಕ್ತಿಯನ್ನು ಒಪ್ಪುವೆಯಾ ಎಂದು ಒಬ್ಬನನ್ನು ಕೇಳಿದರು. ಅವನು, ಹರಕೆ ಹೊತ್ತೂ ಮುಳುಗಿಹೋದವರ ಚಿತ್ರಗಳು ಎಲ್ಲಿವೆ ಎಂದು ಮರುಪ್ರಶ್ನೆ ಹಾಕಿದನು. ಅನುಕೂಲವಾದದ್ದು ಗೋಡೆಯ ಮೇಲೆ ಉಳಿಯುತ್ತದೆ, ಪ್ರತಿಕೂಲವಾದದ್ದು ಕಡಲಿನ ತಳಕ್ಕೆ ಹೋಗುತ್ತದೆ ಎಂಬುದು ಬೇಕನ್ನನ ಅಭಿಪ್ರಾಯದ ಸಾರ.

ನಮಗೆ ಸಮೀಪವಾದ ಕಾಲದಲ್ಲಿ, ೧೯೬೦ ರಲ್ಲಿ, ಲಂಡನ್ನಿನ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞನು ಇದನ್ನೇ ಒಂದು ಸರಳವಾದ ಪ್ರಯೋಗದಿಂದ ತೋರಿಸಿದನು. ಎರಡು, ನಾಲ್ಕು, ಆರು ಎಂಬ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಒಪ್ಪುತ್ತವೆ. ಬೇರೆ ಬೇರೆ ಸಂಖ್ಯೆಗಳನ್ನು ಹೇಳಿ ಆ ನಿಯಮವನ್ನು ಕಂಡುಹಿಡಿಯಬೇಕು. ಬಹುಮಂದಿ, ಎರಡೆರಡು ಹೆಚ್ಚುತ್ತ ಹೋಗುವುದೇ ನಿಯಮವೆಂದು ಮೊದಲೇ ಊಹಿಸಿ, ಎಂಟು ಹತ್ತು ಹನ್ನೆರಡು ಎಂಬಂತೆ ತಮ್ಮ ಊಹೆಗೆ ಒಪ್ಪುವ ಸಂಖ್ಯೆಗಳನ್ನೇ ಹೇಳಿದರು. ಪ್ರತಿಯೊಂದಕ್ಕೂ "ಅಹುದು" ಎಂಬ ಉತ್ತರ ಬಂದಿತು. ಅವರ ಧೈರ್ಯ ಹೆಚ್ಚಿತು. ನಿಜವಾದ ನಿಯಮವಾದರೋ, ಸಂಖ್ಯೆಗಳು ಯಾವ ರೀತಿಯಲ್ಲಾದರೂ ಏರುತ್ತಿದ್ದರೆ ಸಾಕು ಎಂಬುದಾಗಿತ್ತು. ಒಂದು, ಏಳು, ನೂರು ಎಂದು ಹೇಳಿ ನೋಡಿದ್ದರೆ ಅವರ ಊಹೆ ಒಡೆಯುತ್ತಿತ್ತು. ಆದರೆ ತನ್ನ ಊಹೆಯನ್ನು ಒಡೆಯುವ ಪ್ರಶ್ನೆಯನ್ನು ಕೇಳಬೇಕೆಂದು ಮನಸ್ಸಿಗೆ ತಾನಾಗಿ ತೋರುವುದಿಲ್ಲ. ಒಣ ಸಂಖ್ಯೆಗಳ ವಿಷಯದಲ್ಲಿಯೇ ಹೀಗಾದರೆ, ಪ್ರಾಣಕ್ಕಿಂತ ಪ್ರಿಯವಾದ ನಂಬಿಕೆಯ ವಿಷಯದಲ್ಲಿ ಹೇಗಾದೀತೆಂಬುದನ್ನು ಊಹಿಸಬಹುದು.

ಕ್ರೈಸ್ತ ಚರಿತ್ರೆಯಲ್ಲಿ ಇದರ ಮೊದಲ ನಿದರ್ಶನ ಸುವಾರ್ತೆಗಳಲ್ಲಿಯೇ ಸಿಕ್ಕುತ್ತದೆ. ರೋಮನರ ಆಳ್ವಿಕೆಗೆ ಸಿಕ್ಕಿದ್ದ ಯೆಹೂದ್ಯರಲ್ಲಿ ಅನೇಕರು, ದಾವೀದನ ವಂಶದ ಅರಸನೊಬ್ಬನು ಬಂದು ತಮ್ಮನ್ನು ಬಿಡುಗಡೆ ಮಾಡುವನೆಂದು ಎದುರುನೋಡುತ್ತಿದ್ದರು. ಯೇಸುವಿನ ಶಿಷ್ಯರ ಮನಸ್ಸಿನಲ್ಲಿಯೂ ಆ ಚಿತ್ರವೇ ಇತ್ತು. ಮಾರ್ಕನ ಸುವಾರ್ತೆಯಲ್ಲಿ ಪೇತ್ರನು ಯೇಸುವನ್ನು ಮೆಸ್ಸೀಯನೆಂದು ಒಪ್ಪಿಕೊಳ್ಳುತ್ತಾನೆ. ಅದರ ಹಿಂದೆಯೇ ಯೇಸು ತನಗೆ ಬರಲಿರುವ ಸಂಕಟವನ್ನೂ ಮರಣವನ್ನೂ ಕುರಿತು ಹೇಳಿದಾಗ, ಅದೇ ಪೇತ್ರನು ಅವನನ್ನು ಪಕ್ಕಕ್ಕೆ ಕರೆದು ಗದರಿಸುತ್ತಾನೆ. ಮೂರನೆಯ ಸಲ ಆ ಮಾತನ್ನು ಸ್ಪಷ್ಟವಾಗಿ ಹೇಳಿದ ಮೇಲೆಯೂ, ಯಾಕೋಬ ಯೋಹಾನರೆಂಬ ಇಬ್ಬರು ಶಿಷ್ಯರು ಬಂದು, ಮಹಿಮೆಯ ಕಾಲದಲ್ಲಿ ತಮ್ಮನ್ನು ಬಲಗಡೆಗೂ ಎಡಗಡೆಗೂ ಕೂರಿಸಿಕೊಳ್ಳಬೇಕೆಂದು ಬೇಡುತ್ತಾರೆ. ಶಬ್ದಗಳು ಕಿವಿಗೆ ಬಿದ್ದಿದ್ದವು. ಆದರೆ ಸಿಂಹಾಸನವನ್ನು ಎದುರುನೋಡುತ್ತಿದ್ದ ಮನಸ್ಸಿನಲ್ಲಿ ಶಿಲುಬೆಗೆ ಸ್ಥಳವಿರಲಿಲ್ಲ. ತಮ್ಮ ಧರ್ಮದ ಮೂಲಪುರುಷರು ಹೀಗೆ ತಪ್ಪು ತಿಳಿದರೆಂಬುದನ್ನು ಆ ಗ್ರಂಥಕರ್ತರು ಮುಚ್ಚಿಡದೆ ಬರೆದಿಟ್ಟರೆಂಬುದು ಗಮನಿಸತಕ್ಕ ಅಂಶ.

ಅನಂತರದ ಶತಮಾನಗಳಲ್ಲಿ ಈ ದೋಷ ಅನೇಕ ರೂಪಗಳನ್ನು ತಾಳಿತು. ಅವುಗಳಲ್ಲಿ ಅತ್ಯಂತ ಪ್ರತ್ಯಕ್ಷವಾದದ್ದು ಗ್ರಂಥವನ್ನೇ ಕತ್ತರಿಸುವುದು. ಅದಕ್ಕೆ ಮೂರು ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯದು ೧೮೦೭ ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕ. ಬ್ರಿಟಿಷರ ವಶದಲ್ಲಿದ್ದ ವೆಸ್ಟ್ ಇಂಡೀಸ್ ದ್ವೀಪಗಳ ನೀಗ್ರೋ ಗುಲಾಮರ ಉಪಯೋಗಕ್ಕಾಗಿ ಆಯ್ದ ಬೈಬಲ್ ಭಾಗಗಳು ಎಂಬುದು ಅದರ ಶೀರ್ಷಿಕೆಯ ಅರ್ಥ. ಪ್ರಾಟೆಸ್ಟೆಂಟರ ಬೈಬಲ್ಲಿನಲ್ಲಿ ೧೧೮೯ ಅಧ್ಯಾಯಗಳಿವೆ. ಇದರಲ್ಲಿ ಉಳಿದದ್ದು ಸುಮಾರು ೨೩೨. ಯಾವುದು ಹೋಯಿತು, ಯಾವುದು ಉಳಿಯಿತು ಎಂದು ನೋಡಿದರೆ ಕತ್ತರಿಸಿದವರ ಮನಸ್ಸು ತಾನಾಗಿ ತಿಳಿಯುತ್ತದೆ. ಮೋಶೆಯು ತನ್ನ ಜನರನ್ನು ಐಗುಪ್ತದ ದಾಸ್ಯದಿಂದ ಬಿಡಿಸಿಕೊಂಡು ಹೋದ ವಿಮೋಚನಕಾಂಡದ ಕಥೆ ಅದರಲ್ಲಿಲ್ಲ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಪೌಲನು ಗಲಾತ್ಯದವರಿಗೆ ಬರೆದ ಮಾತಿಲ್ಲ. ದಾಸರು ಧಣಿಗಳಿಗೆ ವಿಧೇಯರಾಗಿರಬೇಕೆಂದು ಅದೇ ಪೌಲನ ಹೆಸರಿನಲ್ಲಿ ಎಫೆಸದವರಿಗೆ ಬರೆದಿರುವ ಮಾತು ಮಾತ್ರ ಉಂಟು. ಅದೇ ೧೮೦೭ ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಆದರೆ ಗುಲಾಮಗಿರಿಯನ್ನೇ ರದ್ದು ಮಾಡುವ ಕಾನೂನು ಬಂದದ್ದು ೧೮೩೩ ರಲ್ಲಿ. ಈ ಪುಸ್ತಕವನ್ನು ತಂದವರು ತಮ್ಮನ್ನು ಗುಲಾಮರ ಹಿತೈಷಿಗಳೆಂದೇ ಭಾವಿಸಿದ್ದರು. ಅವರಿಗೆ ಸುವಾರ್ತೆಯನ್ನು ತಲುಪಿಸುವುದೇ ಅವರ ಉದ್ದೇಶವಾಗಿತ್ತು. ಧರ್ಮಬುದ್ಧಿಯೂ ತೋಟದ ಧಣಿಗಳ ಹಿತವೂ ಒಂದೇ ಪುಸ್ತಕದೊಳಗೆ ಎಷ್ಟು ಸದ್ದಿಲ್ಲದೆ ಒಂದಾಗಬಲ್ಲವೆಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಇದಕ್ಕೆ ತೀರ ಬೇರೆಯಾದ ಸ್ವಭಾವದ್ದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮೂರನೆಯ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ನನು ೧೮೨೦ ರ ಸುಮಾರಿನಲ್ಲಿ, ತನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳ ಹೊಸ ಒಡಂಬಡಿಕೆಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಹರಿತವಾದ ಅಲಗಿನಿಂದ ತನಗೆ ಒಪ್ಪಿಗೆಯಾದ ಭಾಗಗಳನ್ನು ಕತ್ತರಿಸಿ ಬೇರೊಂದು ಪುಸ್ತಕದಲ್ಲಿ ಅಂಟಿಸಿದನು. ನೀತಿಬೋಧೆ ಉಳಿಯಿತು, ಪವಾಡಗಳು ಹೋದವು. ಸಮಾಧಿಯ ಬಾಗಿಲಿಗೆ ಕಲ್ಲನ್ನು ಉರುಳಿಸುವುದರೊಂದಿಗೆ ಅವನ ಸುವಾರ್ತೆ ಮುಗಿಯುತ್ತದೆ, ಪುನರುತ್ಥಾನವಿಲ್ಲ. ಆಸ್ತಿಕನಿಗೆ ಮಾತ್ರ ಪೂರ್ವಗ್ರಹವುಂಟು, ವಿಚಾರವಾದಿಗೆ ಇಲ್ಲ ಎಂದು ತಿಳಿಯುವವರು ಈ ಪುಸ್ತಕವನ್ನು ನೋಡಬೇಕು. ಯಾವುದು ಯೇಸುವಿನ ನಿಜವಾದ ಮಾತು ಎಂಬುದು ತನಗೆ ನೋಡಿದೊಡನೆ ಗೊತ್ತಾಗುತ್ತದೆಂದು ಜೆಫರ್ಸನ್ನನು ನಂಬಿದ್ದನು. ಹೊಳೆಯುವುದು ವಜ್ರ, ಉಳಿದದ್ದು ಕಸ. ಆದರೆ ಹೊಳಪನ್ನು ಅಳೆಯುವ ಕಣ್ಣು ಹದಿನೆಂಟನೆಯ ಶತಮಾನದ ತತ್ತ್ವಜ್ಞಾನಿಯದು. ಅವನಿಗೆ ದೊರೆತ ಯೇಸುವೂ ಅಂಥ ತತ್ತ್ವಜ್ಞಾನಿಯೇ. ಮನುಷ್ಯರೆಲ್ಲರೂ ಸಮಾನರೆಂದು ೧೭೭೬ ರಲ್ಲಿ ಬರೆದು, ತನ್ನ ಬಾಳಿನಲ್ಲಿ ಒಟ್ಟು ಆರುನೂರಕ್ಕೂ ಮಿಕ್ಕ ಗುಲಾಮರಿಗೆ ಒಡೆಯನಾಗಿದ್ದವನು ಈ ಜೆಫರ್ಸನ್ನನೇ ಎಂಬುದನ್ನು ನೆನೆದರೆ, ಮಹಾಬುದ್ಧಿಯು ತನ್ನನ್ನು ತಾನು ಕಾಣುವ ವಿಷಯದಲ್ಲಿ ಎಷ್ಟು ಅಸಹಾಯವಾಗಿರಬಲ್ಲದೆಂಬುದು ತಿಳಿಯುತ್ತದೆ.

ಮೂರನೆಯದು ಭಯಂಕರವಾದದ್ದು. ಜರ್ಮನಿಯ ಐಸೆನಾಖ್ ಪಟ್ಟಣದ ಮೇಲುಗಡೆ ವಾರ್ಟ್‌ಬುರ್ಗ್ ಎಂಬ ಕೋಟೆಯಿದೆ. ೧೫೨೧-೨೨ ರಲ್ಲಿ ಮಾರ್ಟಿನ್ ಲೂಥರನು ಅಲ್ಲಿ ಅಡಗಿದ್ದುಕೊಂಡು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದನು. ಅದೇ ಕೋಟೆಯಲ್ಲಿ ೧೯೩೯ ರ ಮೇ ೬ ರಂದು, ಜರ್ಮನ್ ಪ್ರಾಟೆಸ್ಟೆಂಟ್ ಸಭೆಗಳ ಕೆಲವು ಮುಖಂಡರು ಸೇರಿ, ಕ್ರೈಸ್ತ ಜೀವನದಲ್ಲಿ ಯೆಹೂದ್ಯ ಪ್ರಭಾವವನ್ನು ಶೋಧಿಸಿ ನಿರ್ಮೂಲ ಮಾಡುವ ಸಂಸ್ಥೆಯೊಂದನ್ನು ಪ್ರಾರಂಭಿಸಿದರು. ಅದರ ವಿದ್ಯಾವಿಭಾಗದ ಮುಖ್ಯಸ್ಥನು ಯೇನಾ ವಿಶ್ವವಿದ್ಯಾನಿಲಯದ ಅಧ್ಯಾಪಕನಾದ ವಾಲ್ಟರ್ ಗ್ರುಂಡ್ಮನ್. ೧೯೪೦ ರಲ್ಲಿ ಈ ಸಂಸ್ಥೆ ಪ್ರಕಟಿಸಿದ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಯೆಹೂದ್ಯ ವಂಶಾವಳಿ, ಹಳೆಯ ಒಡಂಬಡಿಕೆಯ ಪ್ರವಾದನೆಗಳ ಉಲ್ಲೇಖ ಮುಂತಾದವುಗಳನ್ನು ತೆಗೆದುಹಾಕಿದ್ದರು. ಅದೇ ವರ್ಷ ಗ್ರುಂಡ್ಮನ್ನನು ಗಲಿಲಾಯದ ಯೇಸು ಯೆಹೂದ್ಯನಲ್ಲವೆಂದು ವಾದಿಸುವ ಗ್ರಂಥವನ್ನೂ ಬರೆದನು. ಎಂಟನೆಯ ದಿನ ಸುನ್ನತಿಯಾದವನು, ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋದವನು, ಸಬ್ಬತ್ತಿನ ದಿನ ಯೆಹೂದ್ಯರ ಸಭಾಮಂದಿರದಲ್ಲಿ ಬೋಧಿಸಿದವನು, ರಬ್ಬಿಯೆಂದು ಕರೆಯಿಸಿಕೊಂಡವನು ಯೆಹೂದ್ಯನಲ್ಲವಂತೆ! ಇದನ್ನು ಹೇಳಿದವನು ಪಾಮರನಲ್ಲ. ಮೂಲ ಗ್ರೀಕಿನಲ್ಲಿ ಪಳಗಿದ ಪಂಡಿತನು. ವಿದ್ಯೆ ಅವನನ್ನು ಕಾಪಾಡಲಿಲ್ಲ. ಅವನು ಬಯಸಿದ ತೀರ್ಮಾನಕ್ಕೆ ಬೇಕಾದ ಅಡಿಟಿಪ್ಪಣಿಗಳನ್ನು ಒದಗಿಸಿಕೊಟ್ಟಿತು. ಅದೇ ವರ್ಷಗಳಲ್ಲಿ ಯೆಹೂದ್ಯರನ್ನು ಯೂರೋಪಿನ ಉದ್ದಗಲಕ್ಕೂ ಬೇಟೆಯಾಡಿ ಕೊಲ್ಲಲಾಯಿತು. ೧೯೪೫ ರಲ್ಲಿ ಸಂಸ್ಥೆ ಮುಚ್ಚಿತು. ಗ್ರುಂಡ್ಮನ್ನನು ೧೯೭೬ ರವರೆಗೆ ಬದುಕಿದ್ದನು. ಸುವಾರ್ತೆಗಳ ಮೇಲೆ ಅವನು ಯುದ್ಧಾನಂತರ ಬರೆದ ವ್ಯಾಖ್ಯಾನಗಳನ್ನು ವಿದ್ಯಾರ್ಥಿಗಳು ಬಹುಕಾಲ ಓದುತ್ತಿದ್ದರು.

ಈ ಮೂರು ಕಡೆಗಳಲ್ಲಿಯೂ ಕತ್ತರಿ ಕೈಯಲ್ಲಿತ್ತು. ಆದ್ದರಿಂದ ನಾವು ಸುಲಭವಾಗಿ ಕಂಡೆವು, ಸುಲಭವಾಗಿ ಖಂಡಿಸುತ್ತೇವೆ. ಪುಸ್ತಕದ ಹಾಳೆಗೆ ಅಲಗು ತಗುಲಿಸದೆಯೇ ಕಣ್ಣಿನಿಂದ ಕತ್ತರಿಸುವವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ಮೇಲೆ ಹೇಳಿದ ಜರ್ಮನ್ ಸಂಸ್ಥೆಯ ಎದುರುಗಡೆ ನಿಂತವರಲ್ಲಿಯೂ ಇದನ್ನು ಕಾಣಬಹುದು. ೧೯೩೪ ರ ಮೇ ತಿಂಗಳಲ್ಲಿ ಬಾರ್ಮೆನ್ ಎಂಬಲ್ಲಿ ಕಾರ್ಲ್ ಬಾರ್ಟ್ ಮೊದಲಾದವರು ಸೇರಿ, ಸಭೆಗೆ ಕ್ರಿಸ್ತನ ಹೊರತು ಬೇರೆ ನಾಯಕನಿಲ್ಲವೆಂದು ಧೈರ್ಯವಾಗಿ ಸಾರಿದರು. ಆದರೆ ಆ ಘೋಷಣೆಯಲ್ಲಿ ಯೆಹೂದ್ಯರ ಪಾಡಿನ ವಿಷಯ ಒಂದು ಮಾತೂ ಇಲ್ಲ. ಸಭೆಯ ಸ್ವಾತಂತ್ರ್ಯಕ್ಕೆ ಬಂದ ಅಪಾಯ ಅವರಿಗೆ ಕಂಡಿತು. ನೆರೆಯವನ ಪ್ರಾಣಕ್ಕೆ ಬಂದ ಅಪಾಯ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಬಾರ್ಟನೇ ೧೯೬೭ ರಲ್ಲಿ ಬರೆದ ಒಂದು ಪತ್ರದಲ್ಲಿ ಈ ಲೋಪವನ್ನು ತನ್ನ ಅಪರಾಧವೆಂದು ಒಪ್ಪಿಕೊಂಡನು.

ಕಣ್ಣಿನ ಕತ್ತರಿಯ ಕೆಲಸವನ್ನು ವಿಸ್ತಾರವಾಗಿ ಪರೀಕ್ಷಿಸಿದವನು ಆಲ್ಬರ್ಟ್ ಶ್ವೈಟ್ಸರ್. ಆಫ್ರಿಕಾದ ಲಂಬರೇನೆಯಲ್ಲಿ ವೈದ್ಯನಾಗಿ ಲೋಕಪ್ರಸಿದ್ಧನಾಗುವುದಕ್ಕೆ ಮೊದಲೇ, ೧೯೦೬ ರಲ್ಲಿ, ಅವನು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಹದಿನೆಂಟನೆಯ ಶತಮಾನದಿಂದ ತನ್ನ ಕಾಲದವರೆಗೆ ವಿದ್ವಾಂಸರು ಬರೆದ ಯೇಸುವಿನ ಚರಿತ್ರೆಗಳನ್ನು ಒಂದೊಂದಾಗಿ ತೆಗೆದುಕೊಂಡು ಅದರಲ್ಲಿ ವಿಮರ್ಶಿಸಿದನು. ಸಿದ್ಧಾಂತಗಳ ಮುಸುಕನ್ನು ತೆಗೆದು ಚಾರಿತ್ರಿಕ ವ್ಯಕ್ತಿಯನ್ನು ಕಾಣಬೇಕೆಂಬುದು ಆ ಲೇಖಕರೆಲ್ಲರ ಸಂಕಲ್ಪವಾಗಿತ್ತು. ಶ್ವೈಟ್ಸರನು ಕಂಡದ್ದೇನೆಂದರೆ, ಪ್ರತಿಯೊಂದು ಯುಗವೂ, ಪ್ರತಿಯೊಬ್ಬ ಲೇಖಕನೂ, ತನ್ನ ಆದರ್ಶವನ್ನೇ ಯೇಸುವಿಗೆ ತೊಡಿಸಿದ್ದರು. ಫ್ರಾನ್ಸಿನ ರೆನಾನನು ೧೮೬೩ ರಲ್ಲಿ ಬರೆದ ಚರಿತ್ರೆಯಲ್ಲಿ ಯೇಸು ಗಲಿಲಾಯದ ಹೂಬಿಸಿಲಿನಲ್ಲಿ ಸಂಚರಿಸುವ ಮೃದುಹೃದಯದ ಕವಿಯಾದನು. ಜರ್ಮನಿಯ ಉದಾರವಾದಿಗಳ ಕೈಯಲ್ಲಿ ಸಭ್ಯ ನೀತಿಯನ್ನು ಉಪದೇಶಿಸುವ ಸೌಮ್ಯ ಅಧ್ಯಾಪಕನಾದನು. ಲೋಕಾಂತ್ಯ ಹತ್ತಿರವಾಯಿತೆಂದು ಎಚ್ಚರಿಸಿದ, ಆಧುನಿಕರ ಕಿವಿಗೆ ವಿಚಿತ್ರವಾದ ಮಾತುಗಳೆಲ್ಲ ಬಹುಮಂದಿಯ ಕೈಯಲ್ಲಿ ಹೇಗೋ ಸೋರಿಹೋಗಿದ್ದವು. ಇದೇ ವಿಷಯವನ್ನು ಜಾರ್ಜ್ ಟೈರೆಲ್ ಎಂಬ ಕ್ಯಾಥೊಲಿಕ್ ಲೇಖಕನು, ೧೯೦೯ ರಲ್ಲಿ ತನ್ನ ಮರಣಾನಂತರ ಹೊರಬಂದ ಪುಸ್ತಕದಲ್ಲಿ, ಒಂದು ಉಪಮೆಯಿಂದ ಹೇಳಿದನು: ಆಳವಾದ ಬಾವಿಯೊಳಕ್ಕೆ ಬಗ್ಗಿ ನೋಡಿದವನಿಗೆ ತಳದಲ್ಲಿ ಕಂಡದ್ದು ತನ್ನ ಮುಖದ ನೆರಳೇ. ಶ್ವೈಟ್ಸರನು ಚಿತ್ರಿಸಿದ ಯೇಸುವಿನಲ್ಲಿಯೂ, ವಿಧಿಯನ್ನು ಎದುರಿಸುವ ಆ ಧೀರೋದಾತ್ತನಲ್ಲಿಯೂ, ಅವನ ಕಾಲದ ಛಾಯೆಯುಂಟೆಂದು ಅನಂತರದ ವಿಮರ್ಶಕರು ಹೇಳಿದ್ದಾರೆ. ಬಾವಿಯ ಕಥೆ ಹೇಳಿದವರಿಗೂ ಬಾವಿ ತಪ್ಪಿದ್ದಲ್ಲ.

ನಮ್ಮ ದೇಶದಲ್ಲಿಯೂ ಇದಕ್ಕೆ ಸಂಬಂಧಪಟ್ಟ ಪ್ರಸಂಗವೊಂದುಂಟು. ಜೆಫರ್ಸನ್ನನು ತನ್ನ ಮನೆಯಲ್ಲಿ ಹಾಳೆಗಳನ್ನು ಕತ್ತರಿಸುತ್ತಿದ್ದ ಸುಮಾರಿನಲ್ಲಿಯೇ, ೧೮೨೦ ರಲ್ಲಿ, ರಾಜಾ ರಾಮಮೋಹನ ರಾಯರು ಕಲ್ಕತ್ತೆಯಲ್ಲಿ ಯೇಸುವಿನ ನೀತಿವಚನಗಳನ್ನು ಆರಿಸಿ ಒಂದು ಪುಸ್ತಕವಾಗಿ ಅಚ್ಚುಮಾಡಿಸಿದರು. ಪವಾಡಗಳನ್ನೂ ಸಿದ್ಧಾಂತಗಳನ್ನೂ ಅವರೂ ಬಿಟ್ಟರು. ಶ್ರೀರಾಮಪುರದ ಮಿಷನರಿ ಜೋಷುವಾ ಮಾರ್ಷ್‌ಮನ್ ಅದನ್ನು ಉಗ್ರವಾಗಿ ಖಂಡಿಸಿದರು. ರಾಯರು ೧೮೨೩ ರೊಳಗೆ ಮೂರು ಉತ್ತರಗಳನ್ನು ಪ್ರಕಟಿಸಿದರು. ವಾದಕ್ಕಾಗಿ ಹೀಬ್ರೂ ಗ್ರೀಕ್ ಮೂಲಗಳವರೆಗೂ ಹೋದರು. ನೀತಿಯೇ ಧರ್ಮದ ಸಾರವೆಂಬ ಒಲವು ಒಬ್ಬರದು. ಪ್ರಾಯಶ್ಚಿತ್ತದ ಸಿದ್ಧಾಂತವಿಲ್ಲದೆ ಸುವಾರ್ತೆಯೇ ಇಲ್ಲವೆಂಬ ಒಲವು ಇನ್ನೊಬ್ಬರದು. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ನೋಡಬೇಕು. ರಾಯರು ತಾವು ಆರಿಸಿದ್ದೇವೆಂದು ಬಹಿರಂಗವಾಗಿ ಹೇಳಿದರು. ತಮ್ಮ ಆಯ್ಕೆಯನ್ನು ಅದಕ್ಕೆ ವಿರೋಧಿಗಳಾದವರ ಕೈಗೆ ಕೊಟ್ಟು, ಅವರ ಆಕ್ಷೇಪಣೆಗಳಿಗೆ ಸಾಲುಸಾಲಾಗಿ ಉತ್ತರ ಹೇಳಿದರು. ಆರಿಸಿಕೊಳ್ಳುವುದೇ ದೋಷವಲ್ಲ, ಓದುವವರೆಲ್ಲರೂ ಏನನ್ನಾದರೂ ಆರಿಸಿಕೊಂಡೇ ತೀರುತ್ತಾರೆ. ಆರಿಸಿದ ಭಾಗವನ್ನು ಪೂರ್ಣವೆಂದು ಭ್ರಮಿಸುವುದು, ಪರೀಕ್ಷೆಗೆ ಒಡ್ಡದೆ ಬಚ್ಚಿಡುವುದು ದೋಷ.

ನಿರೀಕ್ಷೆಯು ಒಡೆದುಹೋದಾಗ ಏನಾಗುತ್ತದೆ ಎಂಬುದಕ್ಕೂ ಒಂದು ನಿದರ್ಶನವನ್ನು ಹೇಳಬೇಕು. ನ್ಯೂಯಾರ್ಕ್ ಸಂಸ್ಥಾನದ ರೈತನಾದ ವಿಲಿಯಂ ಮಿಲ್ಲರ್ ಎಂಬಾತನು, ದಾನಿಯೇಲನ ಗ್ರಂಥದಲ್ಲಿ ಬರುವ ೨೩೦೦ ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿಸ್ತಪೂರ್ವ ೪೫೭ ರಿಂದ ಲೆಕ್ಕ ಹಾಕಿ, ಕ್ರಿಸ್ತನ ಪುನರಾಗಮನ ೧೮೪೩ ರ ಸುಮಾರಿಗೆ ಆಗುವುದೆಂದು ಸಾರಿದನು. ಆ ಗಡುವು ಕಳೆಯಿತು. ಅವನ ಅನುಯಾಯಿಗಳಲ್ಲೊಬ್ಬನು ಲೆಕ್ಕವನ್ನು ತಿದ್ದಿ ೧೮೪೪ ರ ಅಕ್ಟೋಬರ್ ೨೨ ಎಂದು ದಿನವನ್ನೇ ಗೊತ್ತುಮಾಡಿದನು. ಸಾವಿರಾರು ಮಂದಿ ನಂಬಿದರು. ಕೆಲವರು ಬೆಳೆದ ಬೆಳೆಯನ್ನು ಕೊಯ್ಯದೆ ಹೊಲದಲ್ಲಿಯೇ ಬಿಟ್ಟರು. ಆ ರಾತ್ರಿಯೂ ಕಳೆದು ಬೆಳಗಾಯಿತು. ಆಗ ಕೆಲವರು ನಂಬಿಕೆಯನ್ನೇ ತೊರೆದರು. ಕೆಲವರು ಹೊಸ ದಿನಗಳನ್ನು ಗೊತ್ತುಮಾಡತೊಡಗಿದರು. ಇನ್ನು ಕೆಲವರು, ದಿನ ಸರಿಯಾಗಿಯೇ ಇತ್ತು, ಘಟನೆ ನಡೆದದ್ದು ಭೂಮಿಯ ಮೇಲಲ್ಲ, ಸ್ವರ್ಗದಲ್ಲಿ ಎಂದು ತಿಳಿದುಕೊಂಡರು. ಮಿಲ್ಲರನು ಮಾತ್ರ ತನ್ನ ಎಣಿಕೆಯಲ್ಲಿ ತಪ್ಪಾಯಿತೆಂದು ಒಪ್ಪಿ, ದಿನವನ್ನು ಹೆಸರಿಸದೆ ಕಾಯುತ್ತ ೧೮೪೯ ರಲ್ಲಿ ತೀರಿಕೊಂಡನು. ಇವರನ್ನು ಹಾಸ್ಯಮಾಡುವುದು ಸುಲಭ. ಮಿಲ್ಲರನು ಬುದ್ಧಿಹೀನನಲ್ಲ, ಗ್ರಂಥವನ್ನು ವರ್ಷಗಟ್ಟಲೆ ಪದಪದವಾಗಿ ಓದಿದವನು. ಲೆಕ್ಕದ ಪ್ರತಿ ಹೆಜ್ಜೆಯೂ ಅವನಿಗೆ "ಅಹುದು" ಎಂದಿತು. ಅಲ್ಲವೆನ್ನಬಹುದಾದ ಪ್ರಶ್ನೆ ಅವನ ಲೆಕ್ಕದೊಳಗೆ ಇರಲಿಲ್ಲ.

ಹೀಗಾದರೆ ಸತ್ಯವನ್ನು ತಿಳಿಯುವ ಆಸೆಯನ್ನೇ ಬಿಡಬೇಕೇ? ಎಲ್ಲರೂ ತಮ್ಮ ನೆರಳನ್ನೇ ನೋಡುವವರಾದರೆ ಯಾರ ಮಾತಿಗೆ ಬೆಲೆ? ಕೆಲವರು ಇಂಥ ನಿರ್ಣಯಕ್ಕೆ ಬರುತ್ತಾರೆ. ಅದು ಅವಸರದ ನಿರ್ಣಯ. ಮೇಲಿನ ನಿದರ್ಶನಗಳೆಲ್ಲವೂ ತಪ್ಪುಗಳೆಂದು ನಮಗೆ ತಿಳಿದಿವೆಯಲ್ಲವೇ? ತಿಳಿದದ್ದರಿಂದಲೇ ತಿದ್ದುಪಡಿ ಸಾಧ್ಯವೆಂದಾಯಿತು. ಅದು ಹೇಗೆ ಸಾಧ್ಯವಾಯಿತೆಂಬುದನ್ನು ನೋಡೋಣ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ರೋಮಿಗೆ ಬಂದು, ಹಳೆಯ ಒಡಂಬಡಿಕೆಯನ್ನು ಪೂರ್ತಿಯಾಗಿ ತಳ್ಳಿ, ತಿದ್ದಿದ ಲೂಕನ ಸುವಾರ್ತೆಯೊಂದನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಇಟ್ಟುಕೊಂಡನು. ಸ್ವಲ್ಪ ಕಾಲದ ಮೇಲೆ ತಾತಿಯನ್ ಎಂಬವನು ನಾಲ್ಕು ಸುವಾರ್ತೆಗಳನ್ನು ಹೆಣೆದು, ವಿರೋಧಗಳನ್ನು ಸವರಿ, ಒಂದೇ ಕಥೆಯಾಗಿ ಮಾಡಿದನು; ಸಿರಿಯಾದ ಸಭೆಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು. ಎರಡೂ ಅನುಕೂಲವಾದ ಮಾರ್ಗಗಳೇ. ಸಭೆಯು ಕೊನೆಗೆ ಎರಡನ್ನೂ ಒಪ್ಪದೆ, ಅಲ್ಲಲ್ಲಿ ಒಂದಕ್ಕೊಂದು ಹೊಂದದಿರುವ ನಾಲ್ಕು ಸುವಾರ್ತೆಗಳನ್ನು ಹಾಗೆಯೇ ಉಳಿಸಿಕೊಂಡಿತು. ಐದನೆಯ ಶತಮಾನದಲ್ಲಿ ತೆಯೊದೊರೆತ್ ಎಂಬ ಬಿಷಪ್ಪನು ತಾತಿಯನ್ನನ ಗ್ರಂಥದ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ ಅವುಗಳ ಬದಲು ನಾಲ್ಕು ಸುವಾರ್ತೆಗಳನ್ನು ಇಡಿಸಿದನು. ನಾಲ್ವರು ಸಾಕ್ಷಿಗಳು ನಾಲ್ಕು ಬಗೆಯಾಗಿ ಹೇಳುವಾಗ ಓದುವವನಿಗೆ ಕಷ್ಟವಾಗುತ್ತದೆ, ನಿಜ. ಆದರೆ ಅವನ ಇಷ್ಟದಂತೆ ಕಥೆಯನ್ನು ಬಗ್ಗಿಸುವುದೂ ಅಷ್ಟೇ ಕಷ್ಟವಾಗುತ್ತದೆ.

ಇನ್ನೊಂದು ಏರ್ಪಾಡು ರೋಮಿನ ಸಭೆಯದು. ಯಾರನ್ನಾದರೂ ಸಂತರೆಂದು ಸಾರಬೇಕಾದಾಗ, ಆ ವ್ಯಕ್ತಿಯ ವಿರುದ್ಧವಾಗಿ ಹೇಳಬಹುದಾದದ್ದನ್ನೆಲ್ಲ ಹುಡುಕಿ ವಾದಿಸುವುದಕ್ಕೆ ಒಬ್ಬ ಅಧಿಕಾರಿಯಿರುತ್ತಿದ್ದನು. ೧೫೮೭ ರಲ್ಲಿ ಏರ್ಪಟ್ಟ ಈ ಹುದ್ದೆಗೆ ಜನರು ಇಟ್ಟ ಹೆಸರು ಸೈತಾನನ ವಕೀಲ. ಪವಿತ್ರರ ಮೇಲಣ ಪ್ರೀತಿಯೂ ಕಣ್ಣನ್ನು ಮುಚ್ಚಬಲ್ಲದೆಂದು ಅರಿತು, ಅನುಮಾನಿಸುವುದನ್ನೇ ಒಬ್ಬನ ಕರ್ತವ್ಯವಾಗಿ ಮಾಡಿದರು. ೧೯೮೩ ರ ಸುಧಾರಣೆಯಲ್ಲಿ ಆ ಅಧಿಕಾರಿಯ ಕೆಲಸ ಬಹಳ ಮಟ್ಟಿಗೆ ಕಡಮೆಯಾಯಿತು. ಏರ್ಪಾಡು ಹೋದರೂ ಅದರ ಹಿಂದಿನ ವಿವೇಕ ಎಲ್ಲರಿಗೂ ಬೇಕಾದದ್ದು.

ಮೂರನೆಯ ಉಪಾಯ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ. ನಮ್ಮ ಅರ್ಥದ ಭಾರವನ್ನು ಹೊರುವವನನ್ನು ಕರೆದು, ಈ ಗ್ರಂಥ ನಿನಗೆ ಹೇಗೆ ಕೇಳಿಸುತ್ತದೆ ಎಂದು ಕೇಳುವುದು ಆ ಉಪಾಯ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ೧೮೪೫ ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದಾಗ, ಕ್ರಿಸ್ತನ ಧರ್ಮಕ್ಕೂ ಗುಲಾಮರ ಧಣಿಗಳ ಧರ್ಮಕ್ಕೂ ಇರುವ ದೂರವನ್ನು, ತೋಟದ ಧಣಿಗೆ ಎಂದಿಗೂ ಸಾಧ್ಯವಾಗದ ಸ್ಪಷ್ಟತೆಯಿಂದ ತೋರಿಸಿದನು. ಗುಲಾಮರಿಗೆಂದು ಅಚ್ಚಾದ ಪುಸ್ತಕದಿಂದ ಯಾವ ವಿಮೋಚನೆಯ ಕಥೆಯನ್ನು ತೆಗೆದಿದ್ದರೋ, ಅಮೆರಿಕಾದ ನೀಗ್ರೋ ಜನರು ಅದನ್ನೇ ತಮ್ಮ ಹಾಡುಗಳ ಜೀವಾಳವಾಗಿ ಮಾಡಿಕೊಂಡರು. ಹಾಗೆಯೇ ಯೇಸುವಿನ ಯೆಹೂದ್ಯ ಸ್ವರೂಪವನ್ನು ವಿದ್ವಲ್ಲೋಕಕ್ಕೆ ಮರಳಿ ಕಾಣಿಸಿದವರಲ್ಲಿ ಯೆಹೂದ್ಯ ಪಂಡಿತರು ಮುಖ್ಯರು. ಯೋಸೆಫ್ ಕ್ಲೌಸ್ನರ್ ಯೆರೂಸಲೇಮಿನಲ್ಲಿ ೧೯೨೨ ರಲ್ಲಿ ಹೀಬ್ರೂ ಭಾಷೆಯಲ್ಲಿ ಯೇಸುವಿನ ಚರಿತ್ರೆಯನ್ನು ಬರೆದರು; ಆಕ್ಸ್‌ಫರ್ಡಿನ ಗೆಜ಼ಾ ವರ್ಮೆಶ್ ೧೯೭೩ ರಲ್ಲಿ, ಯೇಸು ಯೆಹೂದ್ಯನೆಂಬುದನ್ನೇ ಶೀರ್ಷಿಕೆಯಾಗಿಟ್ಟುಕೊಂಡು ಗ್ರಂಥ ಬರೆದರು. ಇಂದು ಈ ಅಂಶವನ್ನು ಬಿಟ್ಟು ಯೇಸುವಿನ ಚರಿತ್ರೆಯನ್ನು ಬರೆಯಲು ಯಾವ ಗಂಭೀರ ವಿದ್ವಾಂಸನೂ ಮುಂದಾಗುವುದಿಲ್ಲ. ಐಸೆನಾಖಿನ ಪಂಡ���ತನ ತಪ್ಪನ್ನು ಅವನ ಪಾಂಡಿತ್ಯ ತಿದ್ದಲಿಲ್ಲ. ಅವನು ಯಾರನ್ನು ಹೊರಗೆ ಹಾಕಿದನೋ ಅವರು ತಿದ್ದಿದರು.

ಒಬ್ಬೊಬ್ಬರಾಗಿ ನಾವು ಮಾಡಬಹುದಾದದ್ದು ಸ್ವಲ್ಪವೇ, ಆದರೂ ನಿಷ್ಪ್ರಯೋಜಕವಲ್ಲ. ಪವಿತ್ರಗ್ರಂಥವನ್ನು ಓದುವಾಗ ಬೇಗ ಬೇಗ ದಾಟಿಹೋಗುವ ಪುಟಗಳು ಯಾವುವೆಂದು ಗುರುತುಮಾಡಿಕೊಳ್ಳಬಹುದು. ಒಂದು ವಾಕ್ಯದ ಅರ್ಥ ನಮ್ಮ ಅಂತಸ್ತಿಗೂ ಹಣಕ್ಕೂ ಮತಾಭಿಮಾನಕ್ಕೂ ಹಿತವಾಗಿ ಒದಗಿಬಂದಾಗ, ಆ ಅರ್ಥವನ್ನು ಇಮ್ಮಡಿ ಎಚ್ಚರದಿಂದ ಪರೀಕ್ಷಿಸಬಹುದು. ಈ ಅರ್ಥ ನಿಜವಾದರೆ ಲಾಭ ಯಾರಿಗೆ, ಕಷ್ಟ ಯಾರಿಗೆ ಎಂದು ಕೇಳಿಕೊಳ್ಳಬಹುದು. ಶ್ರದ್ಧೆಗೆ ಇದರಿಂದ ಕೇಡಿಲ್ಲ. ಉರಿಯಲ್ಲಿ ಹಾಕಿದ ಚಿನ್ನಕ್ಕೆ ನಷ್ಟವಾಗುವುದು ಕಿಲುಬು ಮಾತ್ರ.

ಸೋದರನ ಕಣ್ಣಿನಲ್ಲಿರುವ ರವೆಯನ್ನು ನೋಡುವವನು ತನ್ನ ಕಣ್ಣಿನಲ್ಲಿರುವ ತೊಲೆಯನ್ನು ಕಾಣನೆಂಬ ಯೇಸುವಿನ ದೃಷ್ಟಾಂತ ಎಲ್ಲರಿಗೂ ಪರಿಚಿತವಾದದ್ದು. ಅದನ್ನು ಕೇಳಿದವರಲ್ಲಿ ಬಹುಮಂದಿಗೆ ಒಡನೆಯೇ ನೆನಪಿಗೆ ಬರುವುದು ನೆರೆಮನೆಯವನ ಮುಖ. ಈ ಭಾಷಣವನ್ನು ಕೇಳುತ್ತಿರುವಾಗಲೂ ತಮ್ಮಲ್ಲಿ ಅನೇಕರಿಗೆ ಬೇರೆ ಮತದವರೋ, ಬೇರೆ ಪಕ್ಷದವರೋ, ಬೇರೆ ಬೀದಿಯವರೋ ನೆನಪಾಗಿರಬಹುದು. ನಾವು ವಿಚಾರಮಾಡುತ್ತಿದ್ದ ರೋಗದ ಲಕ್ಷಣವೇ ಅದು. ಆ ಮುಖವನ್ನು ಪಕ್ಕಕ್ಕೆ ಸರಿಸಿ ಒಂದು ಗಳಿಗೆ ತಮ್ಮ ಕಡೆಗೆ ತಿರುಗಿ ನೋಡಿಕೊಂಡರೆ ಈ ಹೊತ್ತಿನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.